ಮೊದಲು ಲೆಕ್ಕ, ಆಮೇಲೆ ಲೈಕು: ಕೋಲಾರ ಸೀಮೆಯ ಅಂಗಡಿಗೆ ಮೊಬೈಲ್ ತರುವ ಕ್ರಮ

ಕೋಲಾರದ ಕ್ಲಾಕ್ ಟವರ್ ಸುತ್ತಮುತ್ತ ಕ್ಯೂಆರ್ ಕೋಡ್ ಇಲ್ಲದ ಅಂಗಡಿ ಹುಡುಕುವುದು ಈಗ ಕಷ್ಟದ ಕೆಲಸ. ಹೂವಿನ ಬುಟ್ಟಿಯ ಪಕ್ಕದಲ್ಲಿ, ಎಳನೀರಿನ ಗಾಡಿಯ ಕಂಬದಲ್ಲಿ, ಪಾನಿಪುರಿ ಗಾಡಿಯ ಗಾಜಿನ ಮೇಲೆ, ಎಲ್ಲಿ ನೋಡಿದರೂ ಅದೇ ಕಪ್ಪುಬಿಳುಪಿನ ಚೌಕ. ಆದರೆ ಬಾಗಿಲು ಹಾಕುವ ಹೊತ್ತಿಗೆ ಅದೇ ಅಂಗಡಿಯವರನ್ನು ‘ಇವತ್ತು ಎಷ್ಟು ವ್ಯಾಪಾರವಾಯಿತು, ಎಷ್ಟು ಉಳಿಯಿತು, ಯಾರಿಂದ ಎಷ್ಟು ಬರಬೇಕು’ ಎಂದು ಕೇಳಿ ನೋಡಿ. ಒಮ್ಮೆ ಗಲ್ಲಾಪೆಟ್ಟಿಗೆಯ ಕಡೆ ನೋಡುತ್ತಾರೆ, ಒಮ್ಮೆ ಮೊಬೈಲಿನ ಕಡೆ ನೋಡುತ್ತಾರೆ, ಕೊನೆಗೆ ಬಾಯಿಗೆ ಬಂದ ಅಂದಾಜು ಹೇಳುತ್ತಾರೆ. ಹಣ ಬರುವ ದಾರಿ ಬದಲಾಗಿದೆ, ವ್ಯಾಪಾರ ನಡೆಸುವ ರೀತಿ ಹಾಗೆಯೇ ಉಳಿದಿದೆ.

ಸಣ್ಣ ಅಂಗಡಿಗಳಿಗೆ ಲೆಕ್ಕ ಬರೆದುಕೊಡುವುದು ನನ್ನ ಕಸುಬು. ಹಾಗಾಗಿ ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ: ಮೊಬೈಲಿಗೆ ಮೊದಲು ಬರಬೇಕಾದದ್ದು ಲೆಕ್ಕ, ಆಮೇಲೆ ಪ್ರಚಾರ. ಬಹಳ ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ. ಅಂಗಡಿಯ ಹೆಸರಿನಲ್ಲಿ ರೀಲ್ಸ್ ಹಾಕಿಸಿ, ಗಿರಾಕಿಗಳು ಬಂದ ಮೇಲೆ ಸರಕೂ ಇಲ್ಲದೆ, ಯಾರಿಗೆ ಎಷ್ಟಕ್ಕೆ ಕೊಟ್ಟೆವು ಎಂಬ ನೆನಪೂ ಇಲ್ಲದೆ ಒದ್ದಾಡುತ್ತಾರೆ. ಕೆಳಗಿನ ಹೆಜ್ಜೆಗಳನ್ನು ಇದೇ ಕಾರಣಕ್ಕೆ ಈ ಕ್ರಮದಲ್ಲಿ ಇಟ್ಟಿದ್ದೇನೆ. ಮೊದಲ ಮೂರನ್ನು ಮುಗಿಸದೆ ಮುಂದಿನದಕ್ಕೆ ಕೈ ಹಾಕಬೇಡಿ.

ಮೊದಲ ಹೆಜ್ಜೆ: ಅಂಗಡಿಗೆ ಅದರದೇ ಸಿಮ್, ಅದರದೇ ಖಾತೆ

ಮನೆಯ ಫೋನಿನಲ್ಲೇ ಅಂಗಡಿಯ ವ್ಯವಹಾರವನ್ನೂ ನಡೆಸುವುದು ಆರಂಭದಲ್ಲಿ ಸುಲಭ, ಆಮೇಲೆ ತಲೆನೋವು. ಮಗಳ ಶಾಲೆಯ ಶುಲ್ಕ, ಚೀಟಿಯ ಕಂತು, ಸಗಟು ವ್ಯಾಪಾರಿಗೆ ಕೊಟ್ಟ ಮುಂಗಡ ಎಲ್ಲವೂ ಒಂದೇ ಖಾತೆಯಲ್ಲಿ ಬೆರೆತರೆ, ವರ್ಷದ ಕೊನೆಗೆ ಅದನ್ನು ಬಿಡಿಸಲು ಬ್ರಹ್ಮನಿಂದಲೂ ಆಗುವುದಿಲ್ಲ. ಎರಡು ಸಿಮ್ ಹಾಕುವ ಫೋನ್ ಇದ್ದರೆ ಸಾಕು, ಇನ್ನೊಂದು ಫೋನ್ ಕೊಳ್ಳಬೇಕಿಲ್ಲ. ಒಂದು ಸಿಮ್ ಅಂಗಡಿಗೆಂದೇ ಮೀಸಲಿಡಿ. ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ, ವಾಟ್ಸ್‌ಆ್ಯಪ್‌ನಲ್ಲಿ ಆ ಒಂದೇ ನಂಬರ್ ಇರಲಿ.

ಸಿಮ್ ಯಾರ ಹೆಸರಿನಲ್ಲಿದೆ ಎಂಬುದನ್ನು ಖಚಿತ ಮಾಡಿಕೊಳ್ಳಿ. ಅಂಗಡಿಯ ಹುಡುಗನ ಹೆಸರಿನಲ್ಲಿ, ಭಾವಮೈದುನನ ಹೆಸರಿನಲ್ಲಿ ಸಿಮ್ ಇಟ್ಟುಕೊಂಡು ಅದನ್ನೇ ಬ್ಯಾಂಕಿಗೆ ಕೊಟ್ಟವರಿದ್ದಾರೆ. ಹುಡುಗ ಕೆಲಸ ಬಿಟ್ಟು ಹೋದ ದಿನ ಒಟಿಪಿಯೂ ಅವನ ಜೊತೆ ಹೋಗುತ್ತದೆ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಡಬಹುದು.

ಬ್ಯಾಂಕ್ ಖಾತೆಯೂ ಬೇರೆಯಾಗಿರಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ. ಯಾರನ್ನೋ ವಂಚಿಸಿ ದೋಚಿದ ಹಣದಲ್ಲಿ ಯಾರೋ ನಿಮ್ಮ ಅಂಗಡಿಗೆ ಬಂದು ಸಾಮಾನು ಕೊಳ್ಳುತ್ತಾರೆ ಎಂದುಕೊಳ್ಳಿ. ಆ ಹಣದ ಜಾಡು ಹಿಡಿದು ಬಂದ ಪೊಲೀಸರ ಸೂಚನೆಯ ಮೇರೆಗೆ ಬ್ಯಾಂಕು ನಿಮ್ಮ ಖಾತೆಯನ್ನೇ ತಡೆಹಿಡಿಯಬಹುದು. ನಿಮ್ಮ ತಪ್ಪು ಎಳ್ಳಷ್ಟೂ ಇಲ್ಲದಿದ್ದರೂ ಬಿಡುಗಡೆಗೆ ಓಡಾಡಬೇಕಾದವರು ನೀವೇ. ಅಂಗಡಿಯ ಖಾತೆ ಬೇರೆಯಿದ್ದರೆ ಮನೆಯ ರೇಷನ್ನು, ಔಷಧಿಗಾದರೂ ತೊಂದರೆಯಾಗುವುದಿಲ್ಲ. ಇಂಥ ಹೊತ್ತಿನಲ್ಲಿ ಕೈ ಹಿಡಿಯುವುದು ಆ ದಿನದ ಬಿಲ್ಲು. ಇಂಥವರಿಗೆ ಇಂಥ ಸರಕು ಮಾರಿದೆ ಎಂದು ತೋರಿಸಲು ಕಾಗದವಿದ್ದರೆ ಮಾತು ಬೇಗ ಮುಗಿಯುತ್ತದೆ.

ಎರಡನೆಯ ಹೆಜ್ಜೆ: ಕ್ಯೂಆರ್ ಕೋಡನ್ನು ಗಲ್ಲಾಪೆಟ್ಟಿಗೆಯಷ್ಟೇ ಜೋಪಾನವಾಗಿ ನೋಡಿಕೊಳ್ಳಿ

ರಾಷ್ಟ್ರೀಯ ಪಾವತಿ ನಿಗಮ ಯುಪಿಐ ತಂದದ್ದು 2016ರಲ್ಲಿ. ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಯುಪಿಐ ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿಯ ಮೇಲೆ ಶುಲ್ಕವಿಲ್ಲ. ಆದರೆ ಹಣ ಬಂತೆಂದು ಕೂಗಿ ಹೇಳುವ ಆ ಧ್ವನಿಪೆಟ್ಟಿಗೆಗೆ ಬಾಡಿಗೆ ಇರುತ್ತದೆ. ತಂದುಕೊಡುವ ಹುಡುಗನನ್ನು ಮೂರು ಪ್ರಶ್ನೆ ಕೇಳಿ: ತಿಂಗಳ ಬಾಡಿಗೆ ಎಷ್ಟು, ಖಾತೆಯಿಂದ ಅದು ತಾನಾಗಿಯೇ ಕಡಿತವಾಗುತ್ತದೆಯೇ, ಬೇಡವೆಂದರೆ ಯಾರಿಗೆ ವಾಪಸ್ ಕೊಡಬೇಕು. ಮೂರನೆಯ ಪ್ರಶ್ನೆಗೆ ತಡವರಿಸಿದರೆ ಇನ್ನೊಂದು ಕಂಪನಿಯವರನ್ನು ಕಾಯಿರಿ, ಅವರೂ ಅದೇ ಬೀದಿಯಲ್ಲೇ ಓಡಾಡುತ್ತಿರುತ್ತಾರೆ. ಬಾಡಿಗೆ ಕೊಟ್ಟರೂ ಆ ಪೆಟ್ಟಿಗೆ ಇರಲಿ ಎಂಬುದೇ ನನ್ನ ಮಾತು. ಜನಜಂಗುಳಿಯ ಹೊತ್ತಿನಲ್ಲಿ ಪ್ರತಿಯೊಬ್ಬರ ಫೋನಿನ ಪರದೆ ನೋಡುತ್ತ ಕೂರಲು ಆಗುವುದಿಲ್ಲ. ಕನ್ನಡದಲ್ಲಿ ಹೇಳುವಂತೆ ಮಾಡಿಸಿಕೊಳ್ಳಿ.

ಹಸಿರು ಟಿಕ್ ಕಾಣುವ ಸ್ಕ್ರೀನ್‌ಶಾಟ್ ತೋರಿಸಿ ಹೊರಟುಹೋಗುವವರು, ಹಣ ಹೋದಂತೆ ತೋರಿಸುವ ನಕಲಿ ಆ್ಯಪ್ ಇಟ್ಟುಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ಪೆಟ್ಟಿಗೆ ಕೂಗಬೇಕು, ಇಲ್ಲವೇ ನಿಮ್ಮ ಆ್ಯಪ್‌ನಲ್ಲಿ ಹಣ ಕಾಣಬೇಕು. ಇವೆರಡೂ ಆಗದಿದ್ದರೆ ಹಣ ಬಂದಿಲ್ಲ. ಗಿರಾಕಿ ‘ನನ್ನ ಖಾತೆಯಿಂದ ಹೋಗಿದೆ’ ಎಂದು ವಾದಿಸಿದರೆ ಜಗಳ ಬೇಡ. ಅವರ ಆ್ಯಪ್‌ನಲ್ಲಿ ಕಾಣುವ 12 ಅಂಕಿಯ ಯುಟಿಆರ್ ಸಂಖ್ಯೆಯನ್ನೂ (ಪ್ರತಿ ಪಾವತಿಗೂ ಇರುವ ಗುರುತಿನ ಸಂಖ್ಯೆ) ಅವರ ಫೋನ್ ನಂಬರನ್ನೂ ಬರೆದುಕೊಳ್ಳಿ. ನಿಜವಾಗಿ ಹೋಗಿದ್ದರೆ ಆ ಸಂಖ್ಯೆಯಿಂದ ಪತ್ತೆಯಾಗುತ್ತದೆ. ಸುಳ್ಳು ಹೇಳುವವನು ಸಂಖ್ಯೆ ಕೇಳಿದ ಕೂಡಲೇ ನಗದು ತೆಗೆಯುತ್ತಾನೆ.

ಬೆಳಿಗ್ಗೆ ಬೋಣಿಗೆ ಮೊದಲು ಮನೆಯವರ ಫೋನಿನಿಂದ ನಿಮ್ಮದೇ ಕೋಡ್ ಸ್ಕ್ಯಾನ್ ಮಾಡಿ, ನಿಮ್ಮ ಅಂಗಡಿಯ ಹೆಸರೇ ಬರುತ್ತದೆಯೇ ನೋಡಿ. ರಾತ್ರಿ ಹೊತ್ತು ನಿಮ್ಮ ಚೌಕದ ಮೇಲೆ ಇನ್ನೊಬ್ಬರು ತಮ್ಮ ಚೌಕ ಅಂಟಿಸಿ ಹೋಗುವ ಕಳ್ಳತನ ಇದೆ. ಬೀದಿಬದಿಯ ಗಾಡಿಯವರು ಕೋಡನ್ನು ಗಾಡಿಯಲ್ಲೇ ಬಿಟ್ಟು ಹೋಗದಿರುವುದು ಒಳ್ಳೆಯದು.

ಪಿನ್ ವಿಚಾರದಲ್ಲಿ ಒಂದೇ ಮಾತು: ಹಣ ಪಡೆಯಲು ಪಿನ್ ಬೇಡ. ಪಿನ್ ಕೇಳಿತೆಂದರೆ ನಿಮ್ಮ ಹಣ ಹೊರಗೆ ಹೋಗಲು ಬಾಗಿಲು ತೆರೆದಂತೆ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೋರುವ ‘ಕಲೆಕ್ಟ್’ ವ್ಯವಸ್ಥೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ, ಅಷ್ಟರ ಮಟ್ಟಿಗೆ ಒಂದು ಕಾಟ ತಪ್ಪಿತು. ಆದರೆ ‘ಅಣ್ಣಾ, ತಪ್ಪಿ ನಿಮ್ಮ ನಂಬರಿಗೆ ಐದು ಸಾವಿರ ಹಾಕಿಬಿಟ್ಟೆ, ಆಸ್ಪತ್ರೆಯ ಹಣ, ದಯವಿಟ್ಟು ವಾಪಸ್ ಕಳಿಸಿ’ ಎಂದು ಅಳುವ ದನಿಯ ಕರೆಗಳು ನಿಂತಿಲ್ಲ. ಜೊತೆಗೆ ಬ್ಯಾಂಕಿನದೇ ಎನ್ನುವಂಥ ಎಸ್‌ಎಂಎಸ್ ಬರುತ್ತದೆ. ಎಸ್‌ಎಂಎಸ್ ಯಾರು ಬೇಕಾದರೂ ಕಳಿಸಬಹುದು. ಖಾತೆಯಲ್ಲಿ ಎಷ್ಟು ಹಣವಿದೆ ನೋಡಿ. ಹಣ ನಿಜವಾಗಿಯೂ ಬಂದಿದ್ದರೂ ನೀವಾಗಿ ವಾಪಸ್ ಹಾಕಬೇಡಿ, ‘ನಿಮ್ಮ ಬ್ಯಾಂಕಿಗೆ ದೂರು ಕೊಡಿ, ಅಲ್ಲಿಂದ ಬರಲಿ’ ಎಂದು ಹೇಳಿ.

ಮೂರನೆಯ ಹೆಜ್ಜೆ: ಸಂಜೆಯ ಲೆಕ್ಕ

ಈ ಹೆಜ್ಜೆಯಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಮಿಕ್ಕದ್ದೆಲ್ಲ ಇದರ ಮೇಲೆ ನಿಂತಿದೆ.

ಆ್ಯಪ್ ಯಾವುದು ಎಂಬ ಚರ್ಚೆಯಲ್ಲಿ ಸಮಯ ಕಳೆಯಬೇಡಿ. ಖಾತಾಬುಕ್, ಓಕೆಕ್ರೆಡಿಟ್, ವ್ಯಾಪಾರ್ ಮೂರೂ ಬೆಂಗಳೂರಿನ ಕಂಪನಿಗಳವೇ. ಬರೀ ಸಾಲದ ಲೆಕ್ಕ ಸಾಕೆನ್ನುವವರಿಗೆ ಮೊದಲೆರಡರಲ್ಲಿ ಒಂದು, ಬಿಲ್ಲು ಮತ್ತು ದಾಸ್ತಾನು ಬೇಕೆನ್ನುವವರಿಗೆ ಮೂರನೆಯದು. ಯಾವುದೂ ಬೇಡವೆಂದರೆ ಹಳೆಯ ಉದ್ದ ಪುಸ್ತಕವೇ ಇರಲಿ, ಆದರೆ ಪ್ರತಿ ರಾತ್ರಿ ಆ ದಿನದ ಪುಟದ ಫೋಟೊ ತೆಗೆಯಿರಿ. ನೀವು, ನಿಮ್ಮ ಹೆಂಡತಿ ಅಥವಾ ಗಂಡ, ಮಗ ಅಥವಾ ಮಗಳು ಇಷ್ಟೇ ಜನರ ‘ಅಂಗಡಿ ಲೆಕ್ಕ’ ಎಂಬ ವಾಟ್ಸ್‌ಆ್ಯಪ್ ಗುಂಪು ಮಾಡಿ ಅದಕ್ಕೆ ಹಾಕಿ. ಪುಸ್ತಕ ಮಳೆಗೆ ನೆನೆದರೂ ಲೆಕ್ಕ ಉಳಿಯುತ್ತದೆ. ಅಪ್ಪ ಪುಸ್ತಕ ಬಿಡಲು ಒಪ್ಪದ ಅಂಗಡಿಗಳಲ್ಲಿ ಮನೆಯ ಶಾಂತಿಗೂ ಇದೇ ಒಳ್ಳೆಯ ದಾರಿ.

ಈಗ ಲೆಕ್ಕ. ಒಂದು ದಿನಸಿ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬೆಳಿಗ್ಗೆ ಗಲ್ಲಾದಲ್ಲಿ ಚಿಲ್ಲರೆಗೆಂದು 1,500 ರೂಪಾಯಿ ಇತ್ತು. ಹಗಲಲ್ಲಿ ಹಾಲಿನವರಿಗೆ 900, ಆಟೊಗೆ 150 ಅಲ್ಲಿಂದಲೇ ಕೊಟ್ಟಿರಿ. ರಾತ್ರಿ ಎಣಿಸಿದಾಗ 6,200 ಇದೆ. ನಗದು ವ್ಯಾಪಾರ ಎಷ್ಟು? ಇರುವ 6,200ಕ್ಕೆ ಕೊಟ್ಟ 1,050 ಕೂಡಿಸಿ, ಬೆಳಗಿನ 1,500 ಕಳೆದರೆ 5,750. ಯುಪಿಐ ಆ್ಯಪ್‌ನ ದಿನದ ವರದಿ 8,340 ಎನ್ನುತ್ತದೆ. ಇಲ್ಲೇ ಹಲವರು ಎಡವುತ್ತಾರೆ. ಅದರಲ್ಲಿ 1,000 ರೂಪಾಯಿ ಹೋದ ತಿಂಗಳ ಬಾಕಿ ತೀರಿಸಿದ್ದು. ಅದು ಇವತ್ತಿನ ವ್ಯಾಪಾರವಲ್ಲ, ಹಾಗಾಗಿ ಯುಪಿಐ ವ್ಯಾಪಾರ 7,340. ಸಾಲಕ್ಕೆ ಕೊಟ್ಟ ಸರಕು 1,260. ಮೂರೂ ಸೇರಿ ದಿನದ ವ್ಯಾಪಾರ 14,350 ರೂಪಾಯಿ. ಬರೆಯಬೇಕಾದದ್ದು ಈ ಮೂರು ಸಾಲು, ಎರಡು ಖರ್ಚು, ಒಂದು ಮೊತ್ತ. ಇದಕ್ಕೆ ಬೇಕಾಗುವುದು ಬಾಗಿಲು ಹಾಕುವ ಮೊದಲಿನ ಹತ್ತು ನಿಮಿಷ.

ಹೀಗೆ ಒಂದು ತಿಂಗಳು ಬರೆದರೆ ವಾರದ ಯಾವ ದಿನ ಕೈ ಬಿಡುವಿಲ್ಲ, ಯಾವ ದಿನ ನೊಣ ಹೊಡೆಯುತ್ತೀರಿ ಎಂಬುದು ಕಣ್ಣಿಗೆ ಕಾಣುತ್ತದೆ. ಸಗಟು ವ್ಯಾಪಾರಿ ‘ಇನ್ನೆರಡು ಬಾಕ್ಸ್ ಹಾಕಲಾ’ ಎಂದಾಗ ಮುಖ ನೋಡಿ ಹೂಂ ಎನ್ನುವ ಬದಲು ಫೋನ್ ನೋಡಿ ಉತ್ತರ ಕೊಡುತ್ತೀರಿ. ವ್ಯಾಪಾರ ನಡೆಸುವ ರೀತಿ ಬದಲಾಯಿತು ಎಂದು ನಾನು ಹೇಳುವುದು ಆ ಹೊತ್ತಿಗೆ.

ಸಾಲದ ಬಾಕಿ ಕೇಳುವುದು ಸೂಕ್ಷ್ಮದ ಕೆಲಸ. ಈ ಆ್ಯಪ್‌ಗಳಲ್ಲಿ ನೀವು ಸಾಲ ಬರೆದ ಕೂಡಲೇ ಗಿರಾಕಿಗೆ ತಾನಾಗಿ ಸಂದೇಶ ಹೋಗುವ ವ್ಯವಸ್ಥೆ ಇರುತ್ತದೆ. ನನ್ನನ್ನು ಕೇಳಿದರೆ ಅದನ್ನು ಬಂದ್ ಮಾಡಿಡಿ. ಅಂಗಡಿ ಮೆಟ್ಟಿಲು ಇಳಿಯುವ ಮೊದಲೇ ‘ನೀವು ಇಷ್ಟು ಕೊಡಬೇಕು’ ಎಂದು ಫೋನ್ ಬಡಿದುಕೊಂಡರೆ ಇಪ್ಪತ್ತು ವರ್ಷದ ಗಿರಾಕಿಗೆ ಬೇಸರವಾಗದೆ ಇರುತ್ತದೆಯೇ? ನೀವೇ ಬರೆಯಿರಿ, ಮಾತಾಡುವಂತೆ ಬರೆಯಿರಿ: ‘ಅಣ್ಣಾ, ನಮಸ್ಕಾರ. ಹಬ್ಬದ ಸಾಮಾನಿನ ಬಾಕಿ 1,260 ರೂಪಾಯಿ ಇದೆ. ಈ ಕಡೆ ಬಂದಾಗ ಕೊಟ್ಟರೂ ಸರಿ, ಇದೇ ನಂಬರಿಗೆ ಹಾಕಿದರೂ ಸರಿ.’ ಕಳಿಸುವ ದಿನವನ್ನೂ ಯೋಚಿಸಿ. ನಮ್ಮ ಹಳ್ಳಿಗಳಲ್ಲಿ ಹಣ ಒಂದನೇ ತಾರೀಖಿಗೆ ಬರುವುದಿಲ್ಲ. ಡೈರಿಗೆ ಹಾಲು ಹಾಕುವವರಿಗೆ ಬಟವಾಡೆಯಾದ ಮರುದಿನ, ರೇಷ್ಮೆಯವರಿಗೆ ಗೂಡು ಮಾರಿ ಬಂದ ವಾರ, ನೌಕರರಿಗೆ ಸಂಬಳದ ದಿನ. ಗಿರಾಕಿಯ ಹೆಸರಿನ ಮುಂದೆಯೇ ‘ಹಾಲು’, ‘ಗೂಡು’, ‘ಸಂಬಳ’ ಎಂದು ಗುರುತು ಹಾಕಿಟ್ಟುಕೊಂಡರೆ ನೆನಪಿಸುವುದು ಅರ್ಧ ಸುಲಭವಾಗುತ್ತದೆ.

ನಾಲ್ಕನೆಯ ಹೆಜ್ಜೆ: ತೆರಿಗೆಗೆ ಹೆದರಿ ಕ್ಯೂಆರ್ ಹರಿದು ಹಾಕಬೇಡಿ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿರಬಹುದು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ತೂಗಾಡಿದವು. ಹೆದರಿಕೆ ಅರ್ಥವಾಗುವಂಥದ್ದೇ, ಆದರೆ ಮದ್ದು ಅದಲ್ಲ. ನಗದಿನಲ್ಲಿ ಬಂದದ್ದೂ ವಹಿವಾಟೇ, ಯುಪಿಐನಲ್ಲಿ ಬಂದದ್ದೂ ವಹಿವಾಟೇ.

ತಿಳಿದಿರಬೇಕಾದದ್ದು ಇಷ್ಟು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತಾಜಾ ತರಕಾರಿ, ಹಣ್ಣು, ಬಿಡಿ ಹಾಲಿನಂಥ ತೆರಿಗೆಯೇ ಇಲ್ಲದ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಅದನ್ನು ತೋರಿಸಲು ಖರೀದಿಯ ಚೀಟಿಗಳು ಇರಬೇಕು. ಒಂದೂವರೆ ಕೋಟಿಯೊಳಗಿನ ವಹಿವಾಟಿನವರಿಗೆ ರಾಜಿ ತೆರಿಗೆ (ಕಾಂಪೊಸಿಷನ್) ಪದ್ಧತಿ ಇದೆ, ವಹಿವಾಟಿನ ಮೇಲೆ ವ್ಯಾಪಾರಿಗೆ ಶೇ 1, ಹೋಟೆಲಿಗೆ ಶೇ 5. ಗಿರಾಕಿಯಿಂದ ಆ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲಿ ಮಾಡುವಂತಿಲ್ಲ.

ನಮ್ಮ ಗಡಿ ಜಿಲ್ಲೆಯವರು ಮರೆಯುವ ಮಾತೊಂದಿದೆ. ಮುಳಬಾಗಿಲಿನಿಂದ ಪಲಮನೇರಿಗೆ, ಕೆಜಿಎಫ್‌ನಿಂದ ಕುಪ್ಪಂಗೆ ಕೂಗಳತೆಯ ದೂರ. ಗಿರಾಕಿ ಬಂದು ಕೈಯಲ್ಲಿ ಸರಕು ತೆಗೆದುಕೊಂಡು ಹೋದರೆ ಚಿಂತೆಯಿಲ್ಲ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಬಂತೆಂದು ತೆರಿಗೆ ಬೀಳುವ ಸರಕನ್ನು ಆಂಧ್ರಕ್ಕೆ ಪಾರ್ಸೆಲ್ ಕಳಿಸಿದರೆ ಅದು ಅಂತರರಾಜ್ಯ ಮಾರಾಟ. ಅದಕ್ಕೆ 40 ಲಕ್ಷದ ಮಿತಿ ಅನ್ವಯಿಸುವುದಿಲ್ಲ, ಮೊದಲ ಪಾರ್ಸೆಲ್‌ಗೇ ನೋಂದಣಿ ಬೇಕು. ರಾಜಿ ತೆರಿಗೆಯವರು ಹಾಗೆ ಕಳಿಸುವಂತೆಯೇ ಇಲ್ಲ.

ಇನ್ನು ಆದಾಯ ತೆರಿಗೆಯಲ್ಲಿ ಯುಪಿಐ ನಿಮ್ಮ ಪರವಾಗಿಯೇ ಇದೆ. ಅಂದಾಜು ಲಾಭದ ಪದ್ಧತಿಯಲ್ಲಿ ನಗದು ವಹಿವಾಟಿಗೆ ಶೇ 8 ಲಾಭವೆಂದು ಹಿಡಿದರೆ, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6 ಹಿಡಿಯುತ್ತಾರೆ.

ಐದನೆಯ ಹೆಜ್ಜೆ: ಮಂಡಿಯ ಮಾತು ಬರಹಕ್ಕೆ ಬರಲಿ

ಅಂಗಡಿಗಿಂತ ಹೆಚ್ಚು ಫೋನ್ ಓಡುವುದು ಮಂಡಿಯಲ್ಲಿ. ತಿಪಟೂರಿನ ಕೊಬ್ಬರಿಗೆ ಇ-ಟೆಂಡರ್ ಬಂದು ಕಾಲವಾಯಿತು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ನಡೆಯುತ್ತದೆ. ಕೋಲಾರದ ಟೊಮೆಟೊ ಮಾತ್ರ ಈಗಲೂ ಬಾಯಿ ಕೂಗಿನ ಹರಾಜಿನಲ್ಲೇ ಹೋಗುತ್ತದೆ. ಸಾಲಾಗಿ ಜೋಡಿಸಿದ ಬಾಕ್ಸ್‌ಗಳ ಮಧ್ಯೆ ಹರಾಜು ಕೂಗುವವರು ಮುಂದೆ, ಖರೀದಿದಾರರ ಗುಂಪು ಹಿಂದೆ. ಅವರಲ್ಲಿ ಅರ್ಧ ಮಂದಿಯ ಕಿವಿಯಲ್ಲಿ ಫೋನು, ಆ ತುದಿಯಲ್ಲಿ ಬೇರೆ ರಾಜ್ಯದ ಸಗಟು ವ್ಯಾಪಾರಿ. ಬೆಲೆ ಏರಿಳಿಯುವ ಪರಿ ನಿಮಗೇ ಗೊತ್ತು. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು, ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳೂ ಇವೆ.

ಇಂಥ ಕಡೆ ಮೊಬೈಲಿನ ದೊಡ್ಡ ಉಪಯೋಗ ಬೆಲೆ ತಿಳಿಯುವುದು ಎಂದು ಎಲ್ಲರೂ ಹೇಳುತ್ತಾರೆ. ಕೃಷಿ ಮಾರಾಟ ಇಲಾಖೆಯ ಕೃಷಿ ಮಾರಾಟ ವಾಹಿನಿಯಲ್ಲಿ ಮಾರುಕಟ್ಟೆವಾರು ದರ ಸಿಗುತ್ತದೆ, ಸರಿ. ಆದರೆ ಮಂಡಿಯ ತಕರಾರುಗಳು ಬೆಲೆ ಗೊತ್ತಿಲ್ಲದೆ ಹುಟ್ಟುವುದಕ್ಕಿಂತ ಆಡಿದ ಮಾತು ಮರೆತು ಹುಟ್ಟುವುದೇ ಹೆಚ್ಚು. ಎಷ್ಟು ಬಾಕ್ಸ್, ಯಾವ ದರ, ಗಾಡಿ ಬಾಡಿಗೆ ಯಾರದು, ಖಾಲಿ ಬಾಕ್ಸ್ ಯಾರು ವಾಪಸ್ ಕೊಡಬೇಕು, ಹಣ ಯಾವಾಗ, ಎಲ್ಲವೂ ಗದ್ದಲದಲ್ಲಿ ಆದ ಮಾತು.

ಆದ್ದರಿಂದ ಮಾತು ಮುಗಿದ ಕೂಡಲೇ ಒಂದು ಸಂದೇಶ: ‘120 ಬಾಕ್ಸ್, 15 ಕೆ.ಜಿ., ದರ 320, ಒಟ್ಟು 38,400. ಗಾಡಿ ಬಾಡಿಗೆ ನಿಮ್ಮದು. ಹಣ ಬುಧವಾರ. ಸರಿಯಿದ್ದರೆ ಸರಿ ಎಂದು ಉತ್ತರಿಸಿ.’ ಆ ಒಂದು ‘ಸರಿ’ ಬಂದರೆ ಮುಂದೆ ಅರ್ಧ ಜಗಳ ಇಲ್ಲ. ತೂಕದ ಚೀಟಿ, ಲೋಡ್ ಆದ ಗಾಡಿಯ ನಂಬರ್ ಪ್ಲೇಟ್, ಸರಕಿನ ಸ್ಥಿತಿ ಮೂರರ ಫೋಟೊವೂ ಅದರ ಕೆಳಗೇ ಇರಲಿ. ಧ್ವನಿ ಸಂದೇಶ ಕಳಿಸುವ ಅಭ್ಯಾಸ ಬಿಡಿ. ಮೂರು ತಿಂಗಳ ನಂತರ ‘ದರ ಎಷ್ಟು ಅಂದಿದ್ದೆವು’ ಎಂದು ಹುಡುಕುವಾಗ ಅಕ್ಷರ ಸಿಗುತ್ತದೆ, ಧ್ವನಿ ಸಿಗುವುದಿಲ್ಲ. ಟೈಪು ಮಾಡಲು ಬೇಸರವಾದರೆ ಕೀಲಿಮಣೆಯ ಮೈಕ್ ಗುರುತು ಒತ್ತಿ ಕನ್ನಡದಲ್ಲಿ ಹೇಳಿ, ಅದೇ ಬರೆಯುತ್ತದೆ. ಅಂಕಿಗಳನ್ನು ಮಾತ್ರ ಕಳಿಸುವ ಮೊದಲು ಕಣ್ಣಾಡಿಸಿ, ಮುನ್ನೂರು ನೂರಾಗಿರಬಹುದು.

ದೊಡ್ಡ ಮೊತ್ತಕ್ಕೆ ಯುಪಿಐ ಸಾಲದು, ಸಾಮಾನ್ಯವಾಗಿ ವ್ಯಕ್ತಿಗೆ ಕಳಿಸುವ ಮಿತಿ ದಿನಕ್ಕೆ ಒಂದು ಲಕ್ಷ. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ವ್ಯವಸ್ಥೆಗಳಾದ ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ನಡೆಯುತ್ತವೆ. ಹಾಗಾಗಿ ‘ಭಾನುವಾರ ಬ್ಯಾಂಕ್ ಇಲ್ಲ, ಸೋಮವಾರ ಹಾಕುತ್ತೇನೆ’ ಎಂಬ ನೆಪ ಈಗ ಸಲ್ಲುವುದಿಲ್ಲ. ಕಳಿಸುವ ಮೊದಲು ಪಡೆಯುವವರ ಹೆಸರು ಪರದೆಯ ಮೇಲೆ ಬರುವ ವ್ಯವಸ್ಥೆಯೂ 2025ರಿಂದ ಬಂದಿದೆ, ಅದನ್ನು ಓದಿ ಒತ್ತಿ.

ಆರನೆಯ ಹೆಜ್ಜೆ: ಈಗ ವಾಟ್ಸ್‌ಆ್ಯಪ್ ಬಿಸಿನೆಸ್

ಅಂಗಡಿಯ ಸಿಮ್‌ಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ, ಇದಕ್ಕೆ ದುಡ್ಡಿಲ್ಲ. ವಿಳಾಸ, ತೆರೆಯುವ ಹೊತ್ತು, ವಾರದ ರಜೆ ತುಂಬಿ. ಅಂಗಡಿ ಮುಚ್ಚಿದ ಮೇಲೆ ಬರುವ ಸಂದೇಶಕ್ಕೆ ತಾನಾಗಿ ಹೋಗುವ ಒಂದು ಸಾಲಿನ ಉತ್ತರ ಬರೆದಿಡಿ. ಬಂದ ಆರ್ಡರ್‌ಗಳಿಗೆ ‘ಹೊಸದು’, ‘ಹಣ ಬಂತು’, ‘ಕಳಿಸಿದೆ’ ಎಂದು ಲೇಬಲ್ ಅಂಟಿಸಿ.

ಅದರಲ್ಲಿರುವ ಕ್ಯಾಟಲಾಗ್‌ನಲ್ಲಿ, ಅಂದರೆ ಸರಕಿನ ಪಟ್ಟಿಯಲ್ಲಿ, 500 ವಸ್ತುಗಳವರೆಗೆ ಸೇರಿಸಬಹುದು, ಆದರೆ ಹದಿನೈದು ಇಪ್ಪತ್ತರಿಂದ ಶುರು ಮಾಡಿ. ಫೋಟೊ ಬೆಳಗಿನ ಬೆಳಕಿನಲ್ಲಿ, ಅಂಗಡಿ ಬಾಗಿಲ ಬಳಿ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಟ್ಯೂಬ್‌ಲೈಟ್ ಕೆಳಗೆ ತೆಗೆದ ರೇಷ್ಮೆ ಸೀರೆಯ ಬಣ್ಣ ಮನೆಗೆ ಹೋದಾಗ ಬೇರೆಯಾಗಿ ಕಾಣುತ್ತದೆ, ಆಮೇಲೆ ವಾಪಸ್ ತರುತ್ತಾರೆ. ದರ ಬರೆಯಿರಿ. ‘ದರಕ್ಕೆ ಸಂದೇಶ ಕಳಿಸಿ’ ಎನ್ನುವ ಜಾಣತನ ನನಗೆ ಎಂದೂ ಹಿಡಿಸಿಲ್ಲ. ಅಂಗಡಿಗೆ ಬಂದವರಿಗೆ ಹೇಳುವ ದರವನ್ನು ಫೋನಿನಲ್ಲಿ ಮುಚ್ಚಿಡುವುದೇಕೆ? ತಿನ್ನುವ ಪದಾರ್ಥ ಮಾಡುವವರು ಆಹಾರ ಪರವಾನಗಿಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರನ್ನೂ ಹಾಕಿ.

ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದಾದರೂ, ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಬಿಲ್ಲು ಕೊಡುವಾಗಲೇ ‘ನಂಬರ್ ಉಳಿಸಿಕೊಳ್ಳಿ, ಹೊಸ ಸರಕು ಬಂದಾಗ ತಿಳಿಸುತ್ತೇವೆ’ ಎಂದು ಹೇಳಿ. ವಾರಕ್ಕೊಂದು ಸಂದೇಶ ಸಾಕು. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ ಕಳಿಸಿದರೆ ಮೂರನೆಯ ದಿನ ಬ್ಲಾಕ್ ಆಗುತ್ತೀರಿ, ನಾನೇ ಮಾಡುತ್ತೇನೆ. ಕೆಲಸದವರಿಗೆ ಫೋನನ್ನೇ ಕೊಡಬೇಡಿ. ಒಂದು ಖಾತೆಗೆ ಇನ್ನೂ ನಾಲ್ಕು ಸಾಧನಗಳನ್ನು ಜೋಡಿಸಬಹುದು, ಅವರ ಫೋನಿಗೆ ಜೋಡಿಸಿಕೊಡಿ, ಕೆಲಸ ಬಿಟ್ಟಾಗ ತೆಗೆದುಹಾಕಿ.

ಏಳನೆಯ ಹೆಜ್ಜೆ: ನಕ್ಷೆಯಲ್ಲಿ ಕಾಣಿಸಿಕೊಳ್ಳುವುದು

ಹೋಟೆಲ್, ಪಂಕ್ಚರ್ ಅಂಗಡಿ, ಔಷಧಿ ಅಂಗಡಿ ಇಟ್ಟವರಿಗೆ ಇದು ವಾಟ್ಸ್‌ಆ್ಯಪ್‌ಗಿಂತ ಮುಖ್ಯ. ಶನಿವಾರ ಭಾನುವಾರ ನಂದಿ ಬೆಟ್ಟಕ್ಕೆ, ಚಿಕ್ಕಬಳ್ಳಾಪುರದ ಆದಿಯೋಗಿ ನೋಡಲು ಬರುವ ಬೆಂಗಳೂರಿನ ಜನ, ಮುಳಬಾಗಿಲಿನ ಮೇಲೆ ತಿರುಪತಿಗೆ ಹೋಗುವವರು ಎಲ್ಲಿ ತಿಂಡಿ ತಿನ್ನಬೇಕೆಂದು ದಾರಿಯಲ್ಲಿ ಯಾರನ್ನೂ ಕೇಳುವುದಿಲ್ಲ, ಗೂಗಲ್ ಮ್ಯಾಪ್ ಕೇಳುತ್ತಾರೆ. ಮುಳಬಾಗಿಲು ದೋಸೆಯ ಹೆಸರು ನಾಡಿಗೆಲ್ಲ ಗೊತ್ತು, ಆದರೆ ನಿಮ್ಮ ಹೋಟೆಲ್ ನಕ್ಷೆಯಲ್ಲಿ ಇಲ್ಲದಿದ್ದರೆ ಅವರು ಪಕ್ಕದ ಹೋಟೆಲಿನ ದೋಸೆ ತಿಂದು ಹೋಗುತ್ತಾರೆ.

ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಅಂಗಡಿ ಸೇರಿಸಿ. ಹೆಸರು ಬೋರ್ಡಿನಲ್ಲಿ ಇರುವಂತೆಯೇ ಇರಲಿ. ಖಾತರಿಗಾಗಿ ವಿಡಿಯೊ ಕೇಳಿದರೆ ಬೀದಿ, ಬೋರ್ಡು, ನೀವು ಬೀಗ ತೆಗೆದು ಒಳಗೆ ಹೋಗುವುದು ಒಂದೇ ಓಟದಲ್ಲಿ ಕಾಣುವಂತೆ ತೆಗೆಯಿರಿ. ದರಪಟ್ಟಿಯ ಫೋಟೊ, ಗಾಡಿ ನಿಲ್ಲಿಸುವ ಜಾಗದ ಫೋಟೊ ಹಾಕಿ. ಶೌಚಾಲಯ ಇದ್ದರೆ ಅದನ್ನೂ ತಿಳಿಸಿ, ಮಕ್ಕಳು ಮರಿ ಕಟ್ಟಿಕೊಂಡು ಬರುವವರು ಮೊದಲು ಹುಡುಕುವುದು ಅದನ್ನೇ. ಹಬ್ಬಕ್ಕೆ ಮುಚ್ಚುವ ದಿನ ಹೊತ್ತನ್ನು ತಿದ್ದಿ. ಯಾರಾದರೂ ಸಾಂಬಾರು ಸಪ್ಪೆ ಎಂದು ಬರೆದರೆ ಜಗಳಕ್ಕೆ ಹೋಗದೆ ಒಂದೆರಡು ಸಾಲಿನ ಉತ್ತರ ಕೊಡಿ, ಅದನ್ನು ಓದುವುದು ಬರೆದವರಲ್ಲ, ಮುಂದಿನ ಗಿರಾಕಿ. ಇದೆಲ್ಲ ಉಚಿತ. ‘ಹಣ ಕಟ್ಟದಿದ್ದರೆ ನಿಮ್ಮ ಅಂಗಡಿಯನ್ನು ಮ್ಯಾಪ್‌ನಿಂದ ತೆಗೆಯುತ್ತೇವೆ’ ಎಂಬ ಕರೆ ಬಂದರೆ ಅದು ವಂಚನೆ.

ಊರಾಚೆ ಮಾರುವ ಆಸೆ ಇದ್ದರೆ

ಇದನ್ನು ಹೆಜ್ಜೆ ಎಂದು ಕರೆಯುತ್ತಿಲ್ಲ, ಎಲ್ಲರಿಗೂ ಬೇಕಾಗಿಲ್ಲ. ರಾಜ್ಯದೊಳಗೇ ಮಾರುವ, 40 ಲಕ್ಷದೊಳಗಿನ ಸಣ್ಣವರು ಜಿಎಸ್‌ಟಿ ಇಲ್ಲದೆಯೂ ಆನ್‌ಲೈನ್ ಮಾರಾಟ ವೇದಿಕೆಗಳಲ್ಲಿ ಮಾರಲು 2023ರ ಅಕ್ಟೋಬರ್‌ನಿಂದ ಅವಕಾಶವಿದೆ. ಶ್ರೀನಿವಾಸಪುರದ ಕಡೆಯ ಮಾವಿನ ಬೆಳೆಗಾರರಿಗೆ ರಾಜ್ಯ ಮಾವು ಅಭಿವೃದ್ಧಿ ನಿಗಮದ ಜಾಲತಾಣವಿದೆ. ಬೆಂಗಳೂರಿನವರು ಅಲ್ಲಿ ಹಣ್ಣು ಕೊಂಡರೆ ಅಂಚೆಯವರು ಮನೆಗೆ ಮುಟ್ಟಿಸುತ್ತಾರೆ. ವೇದಿಕೆಯ ಕಮಿಷನ್, ಪೆಟ್ಟಿಗೆ, ಸಾಗಣೆ, ಹಾಳಾಗಿ ವಾಪಸ್ ಬರುವುದು ಎಲ್ಲವನ್ನೂ ಕಳೆದು ಏನು ಉಳಿಯುತ್ತದೆ ಎಂದು ಮೂರನೆಯ ಹೆಜ್ಜೆಯ ಲೆಕ್ಕದಲ್ಲೇ ಬರೆದು ನೋಡಿ, ಆಮೇಲೆ ತೀರ್ಮಾನಿಸಿ.

ಕೊನೆಯ ಹೆಜ್ಜೆ: ಫೋನ್ ಕಳೆದ ದಿನಕ್ಕೆ ಈಗಲೇ ತಯಾರಿ

ಇಷ್ಟೆಲ್ಲ ಒಂದು ಫೋನಿನಲ್ಲಿ ಇಟ್ಟ ಮೇಲೆ ಅದು ಬಸ್ಸಿನಲ್ಲಿ ಜಾರಿ ಬಿದ್ದರೆ? ಇವತ್ತೇ *#06# ಒತ್ತಿ, ಬರುವ ಐಎಂಇಐ ಸಂಖ್ಯೆಗಳನ್ನು (ನಿಮ್ಮ ಫೋನಿನ ಗುರುತಿನ ಸಂಖ್ಯೆಗಳು), ಬ್ಯಾಂಕಿನ ಸಹಾಯವಾಣಿಯನ್ನು, ಸಿಮ್ ಕಂಪನಿಯ ನಂಬರನ್ನು ಕಾಗದದ ಮೇಲೆ ಬರೆದು ಗಲ್ಲಾದ ಮುಚ್ಚಳದ ಒಳಗೆ ಅಂಟಿಸಿ. ಫೋನಿನಲ್ಲೇ ಬರೆದಿಟ್ಟರೆ ಏನು ಪ್ರಯೋಜನ? ವಾಟ್ಸ್‌ಆ್ಯಪ್‌ಗೆ ಎರಡು ಹಂತದ ಪಿನ್ ಹಾಕಿ. ಲೆಕ್ಕದ ಆ್ಯಪ್‌ನ ಬ್ಯಾಕಪ್ ನಡೆಯುತ್ತಿದೆಯೇ ನೋಡಿ. ಮದುವೆಯ ಆಮಂತ್ರಣ, ಸಂಚಾರ ದಂಡದ ಚಲನ್ ಎಂದು ಹೇಳಿಕೊಂಡು ಬರುವ, ಕೊನೆಯಲ್ಲಿ ‘ಎಪಿಕೆ’ ಎಂದಿರುವ ಕಡತವನ್ನು, ಪರಿಚಿತರೇ ಕಳಿಸಿದ್ದರೂ ಒತ್ತಬೇಡಿ. ಅವರ ಫೋನ್ ಆಗಲೇ ಕಳ್ಳರ ಕೈ ಸೇರಿರಬಹುದು.

ಕಳೆದರೆ ಕ್ರಮ ಹೀಗಿರಲಿ: ಮೊದಲು ಸಿಮ್ ಬಂದ್ ಮಾಡಿಸಿ, ಕೂಡಲೇ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ, ನಂತರ ಪೊಲೀಸ್ ದೂರು. ಅದೇ ನಂಬರಿನ ಹೊಸ ಸಿಮ್ ಬಂದ ಮೇಲೆ ದೂರಿನ ಪ್ರತಿ ಹಾಕಿ ಸಂಚಾರ್ ಸಾಥಿಯಲ್ಲಿ ಐಎಂಇಐ ತಡೆಹಿಡಿಯಿರಿ. ಖಾತೆಯಿಂದ ಹಣವೇ ಹೋಗಿದ್ದರೆ ಬೇರೆ ಯಾವುದಕ್ಕೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಕಳ್ಳನ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ಸುದ್ದಿ ಮುಟ್ಟಿದರೆ ತಡೆಯುವ ಸಾಧ್ಯತೆ ಇದೆ. ದೂರಿಗೆ ಕೊಡುವ ಸ್ವೀಕೃತಿ ಸಂಖ್ಯೆಯನ್ನು ಮನೆಯವರ ಫೋನಿನಿಂದ ಫೋಟೊ ತೆಗೆದು ಆ ‘ಅಂಗಡಿ ಲೆಕ್ಕ’ ಗುಂಪಿಗೆ ಹಾಕಿಸಿ, ಬ್ಯಾಂಕಿಗೆ ಹೋದಾಗ ಅದು ಕೈಯಲ್ಲಿರಬೇಕು.